ಹಡಗು ಧಕ್ಕೆಗೆ ತಾಗುವ ತನಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಕಡಲಿಲ್ಲ. ಆದರೂ ಈ ಭಾಗದ ವ್ಯಾಪಾರದ ದಿಕ್ಕನ್ನು ಬಂದರುಗಳೇ ಬದಲಿಸಿದುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಭೂಮಿಯ ಹತ್ತಿಯು ಘಟ್ಟವಿಳಿದು ಕುಮಟೆಯ ಮೂಲಕ ಮುಂಬಯಿಗೆ ಸಾಗುತ್ತಿತ್ತು. ಬೆಳೆದ ನೆಲದ ಹೆಸರಿನ ಬದಲು ದೋಣಿಯೇರಿದ ಊರಿನ ಹೆಸರು ಅದಕ್ಕೆ ಅಂಟಿ, ಪರದೇಶದ ಪೇಟೆಯಲ್ಲಿಯೂ ಅದು ‘ಕುಮಟಾ ಹತ್ತಿ’ ಎನಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ, ಕಾರವಾರವನ್ನು ಹತ್ತಿಯ ಬಂದರನ್ನಾಗಿ ಬೆಳೆಸುವ ಉದ್ದೇಶವೂ ಅದರ ಹಿಂದಿತ್ತು. ಆದರೆ 1880ರ ದಶಕದಲ್ಲಿ ಮುರಗಾವಿಗೆ ರೈಲು ಬಂದೊಡನೆ ಸರಕು ಅತ್ತ ತಿರುಗಿತು.

ಇದರ ಪಾಠ ಸರಳವಾಗಿದೆ. ದ್ವೀಪಗಳ ಆಸರೆಯುಳ್ಳ ಕಾರವಾರದ ಕೊಲ್ಲಿ ನಿಸರ್ಗದ ಕೊಡುಗೆ. ಆದರೆ ಹಡಗು ಸುಖವಾಗಿ ಒಳಬಂದರೆ ಸಾಲದು, ಸರಕೂ ಅಷ್ಟೇ ಸುಲಭವಾಗಿ ಧಕ್ಕೆಗೆ ತಲುಪಬೇಕು. 1990ರ ದಶಕದ ಕೊನೆಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ. ಘಟ್ಟದ ಅರಣ್ಯದ ಬಗೆಗಿನ ಆಕ್ಷೇಪಗಳು ನಿರಾಧಾರವಲ್ಲ. ಆದರೆ ತೀರ್ಮಾನವಿಲ್ಲದ ವಿಳಂಬಕ್ಕೂ ಬೆಲೆಯುಂಟೆಂಬುದನ್ನು ಮರೆಯಲಾಗದು.

ಕಡಲ ಬದಿಯ ವಿಳಂಬವಂತೂ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಹಡಗು ಮೊದಲು ಹೊರಗೆ ಲಂಗರು ಹಾಕಿ, ಬಂದರಿನ ಅನುಮತಿ, ಪೈಲಟ್ ಮತ್ತು ಭರತದ ನೀರಿಗಾಗಿ ಕಾಯುತ್ತದೆ. ಬಳಿಕ ಟಗ್ಗುಗಳ ನೆರವಿನಿಂದ ಧಕ್ಕೆಗೆ ಸರಿದು ಹಗ್ಗ ಬಿಗಿಯುತ್ತದೆ. ಇಡೀ ಹಡಗನ್ನು ಬಾಡಿಗೆಗೆ ಪಡೆಯುವ ಕರಾರಿನಲ್ಲಿ ‘ಸಿದ್ಧತೆಯ ಸೂಚನೆ’ಯನ್ನು ಧಕ್ಕೆ ದೊರೆಯುವ ಮುನ್ನವೇ ಕೊಡಬಹುದೆಂಬ ಷರತ್ತಿದ್ದರೆ, ಕಾಯುವ ಹೊತ್ತೂ ಬಾಡಿಗೆದಾರನ ಖಾತೆಗೇ ಬೀಳುತ್ತದೆ. ಗೊತ್ತುಪಡಿಸಿದ ಅವಧಿ ಮೀರಿತೆಂದರೆ ಡೆಮರೇಜ್ ಆರಂಭ. ಕಂಟೇನರ್ ಸರಕಿಗೂ ಉಚಿತ ದಿನಗಳು ಮುಗಿದ ಮೇಲೆ ಇಂಥದೇ ಹೊರೆ.

ಆದುದರಿಂದ ಅರಳೆ, ಸಕ್ಕರೆ ಅಥವಾ ಕೈಮಗ್ಗದ ಬಟ್ಟೆಯನ್ನು ರಫ್ತು ಮಾಡಬಯಸುವವರು ಟನ್ನಿನ ಬಾಡಿಗೆಯೊಂದನ್ನೇ ನೋಡಿ ದರ ಒಪ್ಪಬಾರದು. ವಿಳಂಬದ ವೆಚ್ಚ ಯಾರದು, ಎಷ್ಟು ದಿನ ಉಚಿತ, ಮಳೆಗಾಲದ ನಷ್ಟ ಯಾರ ಪಾಲಿಗೆ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯತಕ್ಕದ್ದು. ವೆಚ್ಚಪತ್ರಿಕೆಯಲ್ಲಿ ಬಂದರು ಖರ್ಚಿಗೆ ಪ್ರತ್ಯೇಕ ಸಾಲನ್ನಿಡುವುದು ಲೇಸು. ತೆಳುವಾದ ಲಾಭದ ಮೇಲೆ ನಡೆಯುವ ಸಣ್ಣ ಉದ್ಯಮಿಗೆ ನಾಲ್ಕು ದಿನದ ಕಾಯುವಿಕೆಯೇ ಇಡೀ ವ್ಯವಹಾರದ ಗಳಿಕೆಯನ್ನು ನುಂಗಬಲ್ಲದು.

ವಾಣಿಜ್ಯ ಸಂಸ್ಥೆಗಳು ರೈಲಿಗಾಗಿ ಮನವಿ ಸಲ್ಲಿಸುವುದರ ಜೊತೆಗೆ ಇಂಥ ಕರಾರುಗಳ ಪರಿಶೀಲನೆಗೂ ಸದಸ್ಯರಿಗೆ ನೆರವಾಗಬೇಕು. ಮಾರ್ಗ ಸರಕಾರದ ಕೈಯಲ್ಲಿದೆ. ಕರಾರು ವ್ಯಾಪಾರಿಯ ಕೈಯಲ್ಲೇ ಇದೆ.