ಬರೀ ಗುಂಡಿ ತಾನೆ ಅಂದೋರಿಗೆ

ಬೆಂಗಳೂರಲ್ಲಿ ಗುಂಡಿ ಅಂದ್ರೆ ಮೊದಲು ನೆನಪಾಗೋದು ರಸ್ತೇದು. ನಮ್ಮ ಚನ್ನರಾಯಪಟ್ಟಣದಲ್ಲಿ ಇನ್ನೂ ಅಂಗೀದು. ನಾನು ಜಗಳಕ್ಕೆ ನಿಂತಿರೋದು ಈ ಎರಡನೇ ಗುಂಡಿಯ ಪರವಾಗಿ.

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ನನ್ನ ಜೊತೆ ಊರಿಗೆ ಬಂದಿದ್ದ. ಶ್ರವಣಬೆಳಗೊಳ ನೋಡೋ ಆಸೆ ಅವನಿಗೆ. ವಿಂಧ್ಯಗಿರಿ ಹತ್ತಿ ಇಳಿಯೋ ಅಷ್ಟರಲ್ಲಿ ಹೊಸ ಬ್ರ್ಯಾಂಡೆಡ್ ಶರ್ಟಿನ ಎದೆಗುಂಡಿ ಕಿತ್ತು ಕೈಗೆ ಬಂತು. ಗುಂಡಿಯ ಹಂಗಿಲ್ಲದೆ ನಿಂತವನು ಬೆಟ್ಟದ ಮೇಲಿನ ಬಾಹುಬಲಿ ಒಬ್ಬನೇ. ನಮ್ಮಂಥೋರಿಗೆ ಬೇಕಲ್ಲ, ವಾಪಸ್ ಬಂದು ಪೇಟೆಯ ಒಂದು ಟೈಲರ್ ಅಂಗಡಿಗೆ ಹೋದ್ವಿ. ಅಲ್ಲಿದ್ದ ಅಕ್ಕ ಅದೇ ಬಣ್ಣದ ದಾರ ಹುಡುಕಿ, ಗುಂಡಿ ಹೊಲಿದು, ಬುಡಕ್ಕೆ ನಾಲ್ಕು ಸುತ್ತು ದಾರ ಸುತ್ತಿ ಗಂಟು ಹಾಕಿದರು. ಉಳಿದ ಗುಂಡಿಗಳನ್ನೂ ಒಂದೊಂದಾಗಿ ಎಳೆದು ನೋಡಿ, ಸಡಿಲ ಆಗಿದ್ದ ಇನ್ನೊಂದನ್ನೂ ಭದ್ರ ಮಾಡಿದರು. ಇಪ್ಪತ್ತು ರೂಪಾಯಿ ಕೇಳಿದರು.

"ಬರೀ ಗುಂಡಿ ತಾನೆ ಅಕ್ಕಾ, ಅದಕ್ಕೆ ಇಪ್ಪತ್ತಾ?" ಅಂದು ನಮ್ಮ ಸಾಹೇಬ ಹತ್ತು ರೂಪಾಯಿ ಇಟ್ಟ. ಅವರೇನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದು ಇವತ್ತಿಗೂ ಕೊರೀತಾ ಇದೆ. ಯಾಕಂದ್ರೆ ನನ್ನ ಇಂಜಿನಿಯರಿಂಗ್ ಮುಗಿದಿದ್ದು ಕಾಜ-ಗುಂಡಿಯ ದುಡ್ಡಲ್ಲಿ.

ಅವ್ವ ಮನೇಲಿ ಕೂತು ಕಾಜ ಹಾಕೋಳು. ಸಂಜೆ ಟೈಲರ್ ಅಂಗಡಿಯಿಂದ ಅಂಗಿಗಳ ಗಂಟು ಬರೋದು, ಬೆಳಿಗ್ಗೆ ಎದ್ದ ತಕ್ಷಣ ನಾನು ಸೈಕಲ್ಲಲ್ಲಿ ವಾಪಸ್ ಕೊಟ್ಟು ಬರಬೇಕು. ಮನೇಲಿದ್ದದ್ದು ಕಾಲಲ್ಲಿ ತುಳಿಯೋ ಕಪ್ಪು ಮಷಿನ್. ಅದಕ್ಕೆ ನೇರ ಹೊಲಿಗೆ ಬಿಟ್ಟು ಬೇರೆ ಗೊತ್ತಿಲ್ಲ. ಕಾಜಕ್ಕೆ ಸೂಜಿ ಎಡಕ್ಕೂ ಬಲಕ್ಕೂ ಓಡಾಡಬೇಕು, ಅಂದ್ರೆ ಜಿಗ್‌ಜಾಗ್ ಬೇಕು. ಹಾಗಾಗಿ ಎಲ್ಲವೂ ಕೈಯಲ್ಲೇ. ಬಟ್ಟೆ ಸೀಳಿ, ಅಂಚು ಬಿಡದ ಹಾಗೆ ಸುತ್ತಲೂ ಒತ್ತೊತ್ತಾಗಿ ಹೊಲಿಯೋದು. ಒಂದು ಅಂಗಿಗೆ ಏಳೆಂಟು. ಆಮೇಲೆ ಪೇಟೆಗೆ ಕಾಜ ಮಷಿನ್ ಬಂತು, ಟೈಲರ್‌ಗಳು ಅಂಗಿಗಳನ್ನ ಅಲ್ಲಿಗೇ ಕಳಿಸತೊಡಗಿದರು. ಅವ್ವನೂ ಆ ಮಷಿನ್ ಮುಂದೆ ಕೂರೋ ಕೆಲಸಕ್ಕೆ ಸೇರಿದಳು.

"ಮಷಿನ್ ತಾನೇ ಮಾಡೋದು, ಸೆಕೆಂಡುಗಳ ಕೆಲಸ" ಅನ್ನೋರು ಇಲ್ಲಿ ಸ್ವಲ್ಪ ಗಮನ ಕೊಡಿ. ಹೌದು, ಕಾಜ ಮಷಿನ್ ಕೆಲವೇ ಸೆಕೆಂಡಲ್ಲಿ ಎರಡೂ ಅಂಚಿಗೆ ಜಿಗ್‌ಜಾಗ್ ಹಾಕಿ, ಎರಡೂ ತುದಿ ಬಿಗಿ ಮಾಡಿ, ನಡುವೆ ಟಕ್ ಅಂತ ಬ್ಲೇಡ್ ಇಳಿಸುತ್ತೆ. ಆದರೆ ಆ ಬ್ಲೇಡ್ ಇಳಿಯೋದು ಯಾವಾಗ? ಕಟಿಂಗ್ ಆಗಿ, ಕಾಲರ್ ಕೂತು, ತೋಳು ಸೇರಿ, ಅಂಗಿ ಪೂರ್ತಿ ಆದಮೇಲೆ. ಗುರುತು ಸ್ವಲ್ಪ ಓರೆಯಾದ್ರೂ, ಬಟ್ಟೆ ಚೂರು ಸರಿದ್ರೂ ಇಡೀ ಅಂಗಿ ಹಾಳು. ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ತೂತು ಬಿದ್ದ ಬಟ್ಟೆಯನ್ನ ಏನ್ ಮಾಡ್ತೀರಿ? ನಮ್ಮ ಭಾಷೇಲಿ ಹೇಳೋದಾದ್ರೆ ಇದು ರೋಲ್‌ಬ್ಯಾಕ್ ಇಲ್ಲದ ಪ್ರೊಡಕ್ಷನ್ ಡಿಪ್ಲಾಯ್‌ಮೆಂಟ್. ನಾವು ಅಂಥದ್ದು ಒಂದು ಮಾಡಿದ್ರೆ ರಾತ್ರಿಯೆಲ್ಲ ಕಾಲ್‌ನಲ್ಲಿರ್ತೀವಿ, ಮಾರನೇ ದಿನ ರಜಾ ಕೇಳ್ತೀವಿ. ಅವ್ವ ದಿನಕ್ಕೆ ನೂರಾರು ಸಲ ಮಾಡ್ತಿದ್ದಳು.

ಇನ್ನು ಎರಡನೇ ಆರೋಪ: "ಹೊಸ ಶರ್ಟ್ ಗುಂಡಿ ಒಂದೇ ವಾರಕ್ಕೆ ಬೀಳುತ್ತೆ, ಹೊಲಿಯೋರಿಗೆ ನಿಗಾ ಇಲ್ಲ." ಗುಂಡಿ ಹಾಕೋ ಮಷಿನ್‌ನಲ್ಲಿ ಎರಡು ಜಾತಿ. ಒಂದು ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡನ್ನೂ ಬಿಗಿದು ಹೊಲಿಯುತ್ತೆ. ಇನ್ನೊಂದು ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುತ್ತೆ. ಸರಪಳಿಯಲ್ಲಿ ಬಾಬಿನ್ ಬದಲಾಯಿಸೋ ತಾಪತ್ರಯ ಇಲ್ಲ, ಕೆಲಸ ನಿಲ್ಲಲ್ಲ, ಫ್ಯಾಕ್ಟರಿಗೆ ಅದು ಇಷ್ಟ. ಆದರೆ ಅದರ ಕೊನೆಯ ಎಳೆ ಸಡಿಲ ಆಗಿ ಎಳೆದ್ರೆ ಅಕ್ಕಿ ಮೂಟೆ ಬಾಯಿ ಬಿಚ್ಚಿದ ಹಾಗೆ ಸರ್ರನೆ ಬಿಚ್ಚಿಕೊಳ್ಳುತ್ತೆ. ನನ್ನ ಗೆಳೆಯನ ಗುಂಡಿ ಉದುರಿದ್ದೂ ಬಹುಶಃ ಹಾಗೇ. ಯಾವ ಮಷಿನ್, ಗಂಟೆಗೆ ಎಷ್ಟು ಪೀಸ್ ಅನ್ನೋದನ್ನ ತೀರ್ಮಾನ ಮಾಡೋದು ಮಷಿನ್ ಮುಂದೆ ಕೂತ ಹೆಣ್ಣುಮಗಳಲ್ಲ. ಬೈಗುಳ ಮಾತ್ರ ಅವಳಿಗೆ.

ಅವಳನ್ನ ನೀವು ಒಮ್ಮೆ ನೋಡಿದೀರಿ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಎರಡನೇ ದಿನವೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಸಂಬಳದಾರರಾದ ನಮ್ಮೆಲ್ಲರ ಪಿಎಫ್ ದುಡ್ಡನ್ನೂ ಉಳಿಸಿಕೊಟ್ಟಿದ್ದು ಅವರೇ. ನಮಗೆ ನೆನಪಿರೋದು ಟ್ರಾಫಿಕ್ ಜಾಮ್.

ಮನೇಲಿ ಕೂತು ಕಾಜ ಹಾಕೋರಿಗೆ ಆ ಪಿಎಫ್ಫೂ ಇಲ್ಲ. ಇಂಥ ಮನೆಗೆಲಸದ ದುಡಿಮೆಗಾರರಿಗೆ ಉಳಿದ ಕಾರ್ಮಿಕರಷ್ಟೇ ಹಕ್ಕು ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಪ್ಪಂದ ಮಾಡಿತು. ಭಾರತ ಅದನ್ನ ಅನುಮೋದಿಸಿಲ್ಲ. ಬದಲಿಗೆ ನಮ್ಮಲ್ಲಿ ಹೊಲಿಗೆ ಯಂತ್ರ ಹಂಚ್ತಾರೆ, ಫೋಟೋ ತೆಗೆಸ್ಕೋತಾರೆ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿ ಸಿಗುತ್ತೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಮಷಿನ್ ಕೊಟ್ಟ ಮಾತ್ರಕ್ಕೆ ಬದುಕು ನಡೆಯಲ್ಲ ಕಣ್ರೀ. ಅದರಿಂದ ಹೊಲಿದಿದ್ದಕ್ಕೆ ಬೆಲೆ ಸಿಗಬೇಕು. ಆ ಬೆಲೆಯನ್ನ ಸರ್ಕಾರ ಕೊಡಲ್ಲ, ಅಂಗಡಿ ಮುಂದೆ ನಿಂತ ನಾವು ಕೊಡ್ಬೇಕು.

ಕಾಜ ಅನ್ನೋ ಮಾತು ಬಂದಿದ್ದು ಪೋರ್ಚುಗೀಸರ 'ಕಾಸಾ'ದಿಂದ. ಹಾಗಂದ್ರೆ ಮನೆ. ಗುಂಡಿಗೊಂದು ಮನೆ. ಸಾವಿರಾರು ಗುಂಡಿಗಳಿಗೆ ಮನೆ ಕಟ್ಟಿದೋರು ಇವತ್ತಿಗೂ ಬಾಡಿಗೆ ಮನೇಲಿದಾರೆ.

ನಾನು ಕೇಳೋದು ದೊಡ್ಡದೇನಲ್ಲ. ಹೊಸ ಶರ್ಟ್ ತಂದ ದಿನವೇ ಗುಂಡಿಗಳ ಹಿಂದೆ ಒಂದೊಂದು ಸಲ ಸೂಜಿ ಆಡಿಸಿ ಗಂಟು ಹಾಕಿ. ನಿಮಗೆ ಬರಲ್ವಾ? ಹಾಗಾದ್ರೆ ಬರೋರಿಗೆ ಕೇಳಿದಷ್ಟು ಕೊಡಿ. ಇನ್ನೂರೈವತ್ತು ರೂಪಾಯಿ ಕಾಫಿಗೆ ತುಟಿ ಬಿಚ್ಚದೋರು ಇಪ್ಪತ್ತು ರೂಪಾಯಿ ಗುಂಡಿಗೆ ಚೌಕಾಸಿ ಮಾಡೋದು ಜಾಣತನ ಅಲ್ಲ, ಸಣ್ಣತನ.

ಈ ವಿಷಯ ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ನೀನು ಸುಮ್ನಿದ್ದೇನ್ಲಾ?"

ಈ ಶನಿವಾರ ಊರಿಗೆ ಹೊರಟಿದೀನಿ. ಆ ಅಕ್ಕನಿಗೆ ಹತ್ತು ರೂಪಾಯಿ ಬಾಕಿ ಇದೆ.