ಕಾಣುವ ದೀಪ, ಕಾಣಿಸುವ ದೀಪ

ದೀಪಗಳಲ್ಲಿ ಎರಡು ಬಗೆಯುಂಟು. ತಾನು ಕಾಣಬೇಕೆಂದು ಹಚ್ಚತಕ್ಕದ್ದು ಒಂದು; ಅನ್ಯವಸ್ತುಗಳನ್ನು ಕಾಣಿಸಬೇಕೆಂದು ಹಚ್ಚತಕ್ಕದ್ದು ಇನ್ನೊಂದು. ಈ ಭೇದವನ್ನು ಮರೆತ ಮನೆಯಲ್ಲಿ ಬೆಳಕು ಹೇರಳವಾಗಿದ್ದರೂ ಕಣ್ಣಿಗೆ ಸುಖವಿರದು.

ಮೊದಲನೆಯದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಮೈಸೂರಿಗರು ದೂರ ಹೋಗಬೇಕಾಗಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ಧಾರೆಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ನಮ್ಮ ನಗರಕ್ಕೂ ಬಂದಿತು. 1912ರಲ್ಲಿ ಪೂರ್ಣಗೊಂಡ ಅರಮನೆಯು ದಸರೆಯ ಇರುಳುಗಳಲ್ಲಿ ಲಕ್ಷಕ್ಕೆ ಸಮೀಪವಾದಷ್ಟು ಬುರುಡೆಗಳಿಂದ ಬೆಳಗುವುದನ್ನು ಇಲ್ಲಿ ನೋಡದವರಾರು? ಆ ಬುರುಡೆಗಳಿಗೆ ಮರೆಯಿಲ್ಲ, ಇರಲೂ ಕೂಡದು. ದೂರದಲ್ಲಿ ನಿಂತವರು ಅವುಗಳನ್ನೇ ನೋಡಿ ಆನಂದಿಸಬೇಕು.

ಅಂಥ ಮರೆಯಿಲ್ಲದ ಬುರುಡೆಯೊಂದನ್ನು ಊಟದ ಮನೆಯಲ್ಲಿ ತೂಗಹಾಕಿದರೆ ಆಗುವುದೇ ಬೇರೆ. ಪ್ರಖರವಾದ ಬೆಳಕಿಗೆ ಕಣ್ಣಿನ ಪಾಪೆಯು ಸಂಕುಚಿತವಾಗುವುದರಿಂದ ಎಲೆಯ ಮೇಲಿನ ಅನ್ನವೂ ಎದುರಿನವರ ಮುಖವೂ ಮಂಕಾಗಿ ತೋರುವುವು. ವೃದ್ಧರ ಕಣ್ಣಿಗೆ ಈ ಬಾಧೆ ಇಮ್ಮಡಿ.

ಈ ದೋಷದ ಪರಿಹಾರಕ್ಕಾಗಿ ಆಯುಷ್ಯದ ಬಹುಭಾಗವನ್ನು ವ್ಯಯಮಾಡಿದವನು ಡೆನ್ಮಾರ್ಕ್ ದೇಶದ ವಾಸ್ತುಶಿಲ್ಪಿ ಪೌಲ್ ಹೆನ್ನಿಂಗ್‌ಸನ್ (1894–1967). ಬಾಲ್ಯದಲ್ಲಿ ಸೀಮೆಎಣ್ಣೆಯ ದೀಪದ ಮೃದುಕಾಂತಿಯನ್ನು ಕಂಡಿದ್ದ ಈತನು, ಅದೇ ಸೌಮ್ಯತೆಯನ್ನು ವಿದ್ಯುದ್ದೀಪಕ್ಕೂ ತರಬೇಕೆಂದು ಬಯಸಿದನು. ಲೂಯಿ ಪೌಲ್ಸನ್ ಎಂಬ ಸಂಸ್ಥೆಯೊಡಗೂಡಿ 1926ರ ವೇಳೆಗೆ ಒಂದರ ಕೆಳಗೊಂದರಂತೆ ಮೂರು ಮರೆಗಳುಳ್ಳ ತೂಗುದೀಪವನ್ನು ಸಿದ್ಧಪಡಿಸಿದನು. ಬೆಳಕು ಪ್ರತಿಯೊಂದು ಮರೆಯ ಮೇಲೂ ಎಲ್ಲೆಡೆ ಸಮಾನವಾದ ಕೋನದಲ್ಲಿ ಬಿದ್ದು, ಹರಡಿ, ಕೆಳಗಿಳಿಯುವಂತೆ ಅವುಗಳ ಬಾಗು ಗಣಿತದಿಂದ ನಿರ್ಣೀತವಾಗಿದೆ. ಕುಳಿತವನ ಕಣ್ಣಿಗೆ ಬುರುಡೆ ಮಾತ್ರ ಕಾಣದು. 1958ರಲ್ಲಿ ಆತನು ರಚಿಸಿದ ‘ಪಿ.ಎಚ್. 5’ ಎಂಬ ತೂಗುದೀಪವು ಇಂದಿಗೂ ತಯಾರಾಗುತ್ತಿದೆ. ಅದರ ದೊಡ್ಡ ಮರೆಯ ವ್ಯಾಸವು 50 ಸೆಂಟಿಮೀಟರಾದುದರಿಂದ ಆ ಹೆಸರು. ಅದರೊಳಗೆ ಕೆಂಪು, ನೀಲಿ ಬಣ್ಣದ ಚಿಕ್ಕ ಭಾಗಗಳನ್ನೂ ಇರಿಸಿ ಬೆಳಕಿನ ವರ್ಣವನ್ನು ಹದಗೊಳಿಸಿದ್ದಾನೆ.

ವೇದಾಂತಿಗಳಿಗೆ ಆವರಣವೆಂದರೆ ಇರುವುದನ್ನು ಮರೆಸತಕ್ಕದ್ದು. ದೀಪದ ಆವರಣವಾದರೋ ಇರುವುದನ್ನು ಕಾಣಿಸತಕ್ಕದ್ದು! ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಹುಟ್ಟಿದ್ದು ಎಣ್ಣೆಯ ಹಣತೆಯನ್ನು ನೋಡಿ. ತಲೆಕೆಳಗಾಗಿ ತೂಗುವ ಬುರುಡೆಗೆ ಆ ಕತ್ತಲೆಯಿಲ್ಲ. ಅದಕ್ಕಿರುವ ದೋಷ ಉಗ್ರತೆಯೊಂದೇ, ಮರೆಯು ಅದನ್ನು ನೀಗಬಲ್ಲುದು.

ಆ ವಿದೇಶೀ ದೀಪವು ಬಹಳ ಬೆಲೆಯುಳ್ಳದ್ದು. ಅದನ್ನೇ ಕೊಳ್ಳಿರೆಂದು ಯಾರಿಗೂ ಹೇಳುವುದಿಲ್ಲ. ಅದರ ತತ್ತ್ವಕ್ಕೆ ಬೆಲೆಯಿಲ್ಲ. ಇಂದಿನ ಎಲ್‌ಇಡಿ ಬುರುಡೆಗಳು ಅಲ್ಪ ಖರ್ಚಿನಲ್ಲಿ ಮಿತಿಮೀರಿದ ಬೆಳಕನ್ನು ಕೊಡುವುದರಿಂದ ಈ ತತ್ತ್ವವು ಹಿಂದೆಂದಿಗಿಂತಲೂ ಅವಶ್ಯಕವಾಗಿದೆ. ಮನೆಯ ಯಜಮಾನರು ಇಂದು ಸಂಜೆ ದೀಪ ಹಚ್ಚಿದ ಬಳಿಕ ಒಂದು ಪರೀಕ್ಷೆ ಮಾಡಲಿ: ಮಕ್ಕಳು ಓದುವೆಡೆಯಲ್ಲಿಯೂ, ಮುದುಕರು ಕೂರುವೆಡೆಯಲ್ಲಿಯೂ ತಾವೇ ಕುಳಿತು ತಲೆಯೆತ್ತಿ ನೋಡಲಿ. ಬುರುಡೆಯೇ ಕಣ್ಣನ್ನು ಚುಚ್ಚಿದರೆ ಅದಕ್ಕೆ ಒಳಮೈ ಬಿಳುಪಾದ ಆಳವಾದ ಮರೆಯನ್ನು ಹಾಕಿಸತಕ್ಕದ್ದು. ಊಟದ ಮೇಜಿದ್ದಲ್ಲಿ ದೀಪವನ್ನು ಅದರಿಂದ ಸುಮಾರು 60 ಸೆಂಟಿಮೀಟರ್ ಎತ್ತರಕ್ಕೆ ಇಳಿಸಬಹುದು. ನೆಲದ ಮೇಲೆ ಕುಳಿತು ಉಣ್ಣುವ ಮನೆಗಳಲ್ಲಿ ಕೆಳಗಿನಿಂದ ನೋಡುವ ಕಣ್ಣಿಗೆ ಬುರುಡೆ ಸುಲಭವಾಗಿ ಸಿಕ್ಕುವುದರಿಂದ ಮರೆಯು ಇನ್ನೂ ಆಳವಾಗಿರಲಿ. ದೊಡ್ಡವರು ತಮಗೆ ಕಣ್ಣು ಮಂಜೆಂದು ಹೇಳಿದಾಗ, ವೈದ್ಯರಿಗೆ ತೋರಿಸುವುದರ ಜೊತೆಗೆ ದೀಪವನ್ನೂ ಒಮ್ಮೆ ನೋಡುವುದು ಉಚಿತ.