ಬಾಡಿಗೆ ಖೋಲಿ, ಬ್ಯಾಂಕಿನ ಕಂತು

ಗಿರಣಿಯ ಕೆಲಸ ಮುಗಿಸಿದ ಕೂಲಿಕಾರನ ಕೈಗೆ ಪ್ರಾವಿಡೆಂಟ್ ಫಂಡಿನ ರೊಕ್ಕ ಬಂದ ದಿನವೇ ಬುದ್ಧಿವಾದ ಹೇಳುವವರೂ ಬರುತ್ತಾರೆ. ‘ರೊಕ್ಕ ಇಟ್ಕೊಂಡು ಕೂಡಬ್ಯಾಡ್ರಿ, ಎರಡು ಖೋಲಿ ಕಟ್ಟಿ ಬಾಡಿಗಿಗೆ ಕೊಡ್ರಿ. ಕಡಿಮಿ ಬಿದ್ದದ್ದಕ್ಕ ಬ್ಯಾಂಕ್ ಸಾಲ ಐತಿ, ಬಾಡಿಗೀನ ಕಂತು ಕಟ್ಟತೈತಿ.’ ಕುಮಾರಪಟ್ಟಣದ ಕೂಲಿಕಾರರಿಗೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಸಣ್ಣ ಅಂಗಡಿಕಾರರಿಗೂ ಇದೇ ಉಪದೇಶ. ಹೊಸರಿತ್ತಿಯ ಕಡೆಯಿಂದ, ವರದಾ ದಂಡೆಯ ಎರಡೆಕರೆ ಮಾರಿ ಹಾವೇರಿಯಲ್ಲಿ ಖೋಲಿ ಕಟ್ಟಿದರೆ ಹೇಗೆ ಎಂದು ನಮ್ಮನ್ನು ಕೇಳಿದವರಿದ್ದಾರೆ. 1997ರಲ್ಲಿ ಹಾವೇರಿ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ವೈದ್ಯಕೀಯ ಕಾಲೇಜೂ ಬಂತು. ಬಾಡಿಗೆಗೆ ಜನರಿದ್ದಾರೆ ಎಂಬುದು ಸುಳ್ಳಲ್ಲ. ಸುಳ್ಳಿರುವುದು ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎಂಬ ಮಾತಿನಲ್ಲಿ.

ಸಮಾಜವಾದಿಗಳಾದ ನಾವು ಬಾಡಿಗೆ ಮನೆಯ ಮಾತಾಡಬಹುದೇ ಎಂದು ಕೆಲವು ಗೆಳೆಯರು ಮುಖ ಸಿಂಡರಿಸುವುದುಂಟು. ಅವರ ಸಂಶಯಕ್ಕೆ ಆಧಾರವಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ನಮ್ಮವರು ಜೈಲು ಕಂಡದ್ದು ದುಡಿಯದವನ ಪಾಲನ್ನು ಪ್ರಶ್ನಿಸಿದ್ದಕ್ಕಾಗಿ. ಹೊಸರಿತ್ತಿಯಲ್ಲೇ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದದ್ದು ರೈತರಿಂದ ಪರಕೀಯ ಸರಕಾರ ವಸೂಲು ಮಾಡಿ ಇಟ್ಟಿದ್ದ ಕಂದಾಯದ ರೊಕ್ಕಕ್ಕೆ ಕೈಹಾಕಿದಾಗ. ಭೂಸುಧಾರಣೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರಕಾರಕ್ಕೆ ಸೇರಿ, ಉಳುವವನು ಒಡೆಯನಾಗುವ ಹಾದಿ ತೆರೆಯಿತು. ಸೈನಿಕರು, ನಾವಿಕರಂಥವರನ್ನು ಬಿಟ್ಟು ಉಳಿದವರು ಹೊಲವನ್ನು ಲಾವಣಿಗೆ ಕೊಡುವುದನ್ನೇ ಆ ಕಾಯದೆ ನಿಷೇಧಿಸಿತು. ಮನೆಯ ಬಾಡಿಗೆಗೆ ಅಂಥ ಕಾಯದೆ ಬರಲಿಲ್ಲ. ಆದರೂ ಮೂವತ್ತು ವರ್ಷ ದುಡಿದವನು ಮುಪ್ಪಿನ ಕಾಲಕ್ಕೆಂದು ಎರಡು ಖೋಲಿ ಕಟ್ಟಿದರೆ ಅವನನ್ನು ಜಮೀನುದಾರನ ಸಾಲಿಗೆ ಸೇರಿಸುವಷ್ಟು ಕುರುಡರು ನಾವಲ್ಲ. ಅವನಿಗೆ ಪಿಂಚಣಿ ಕೊಡದ ವ್ಯವಸ್ಥೆಯೇ ಅವನನ್ನು ಬಾಡಿಗೆಯ ಕಡೆಗೆ ದೂಡಿದೆ. ನಾವು ಹೆದರುವುದು ಖೋಲಿಗಲ್ಲ, ಸಾಲಕ್ಕೆ.

ಲೆಕ್ಕ ಹಾಕೋಣ. ಜಾಗ ಸ್ವಂತದ್ದು, ಸಾಲ 10 ಲಕ್ಷ, ಬಡ್ಡಿ ನೂರಕ್ಕೆ 9, ವಾಯಿದೆ 20 ವರ್ಷ ಎಂದುಕೊಳ್ಳಿರಿ. ತಿಂಗಳ ಕಂತು 8,997 ರೂಪಾಯಿ. ಎರಡು ಖೋಲಿಗೆ ತಲಾ 4,500ರಂತೆ ಬಾಡಿಗೆ ಹಿಡಿದರೆ 9,000. ದಲಾಲ ಇಷ್ಟನ್ನೇ ಚೀಟಿಯ ಮೇಲೆ ಬರೆದು ತೋರಿಸುತ್ತಾನೆ, ಮೂರು ರೂಪಾಯಿ ಉಳಿತಾಯವನ್ನೂ ತೋರಿಸುತ್ತಾನೆ! ಚೀಟಿಯ ಹಿಂಬದಿಯನ್ನು ನಾವು ಬರೆಯುತ್ತೇವೆ. ಮೊದಲ ತಿಂಗಳ ಕಂತಿನಲ್ಲಿ 7,500 ಬಡ್ಡಿಗೇ ಹೋಗುತ್ತದೆ. ಮೊದಲ ವರ್ಷ ಸುಮಾರು 1,08,000 ಕಟ್ಟಿದರೆ ಅಸಲಿನಲ್ಲಿ ಇಳಿಯುವುದು ಹತ್ತೊಂಬತ್ತು ಸಾವಿರವೂ ಅಲ್ಲ. ಇಪ್ಪತ್ತು ವರ್ಷಕ್ಕೆ ಕಟ್ಟುವ ಒಟ್ಟು ಮೊತ್ತ 21 ಲಕ್ಷ 59 ಸಾವಿರ. ನಡುವೆ ಒಂದು ಖೋಲಿ ಎರಡು ತಿಂಗಳು ಖಾಲಿ ಬಿದ್ದರೆ 9,000 ಹೋಯಿತು. ಮನೆಪಟ್ಟಿ, ಸುಣ್ಣಬಣ್ಣ, ಸೋರುವ ಮಾಳಿಗೆ, ಸುಟ್ಟ ಮೋಟಾರು ಇವೆಲ್ಲ ಆ ಮೂರು ರೂಪಾಯಿಯಲ್ಲಿ ಆಗಬೇಕು.

ಬಡ್ಡಿಯೂ ಒಂದೇ ಕಡೆ ನಿಲ್ಲುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಜರ್ವ್ ಬ್ಯಾಂಕು ತನ್ನ ದರವನ್ನು ನೂರಕ್ಕೆ 4ರಿಂದ 6.5ಕ್ಕೆ ಏರಿಸಿತು. ಅಷ್ಟೇ ಏರಿಕೆ ಮೇಲೆ ಹೇಳಿದ ಸಾಲಕ್ಕೆ ಪೂರ್ತಿ ಬಿದ್ದರೆ ಕಂತು 10,664 ಆಗುತ್ತದೆ. ಆಗ ಖೋಲಿಯ ಒಡೆಯ ಏನು ಮಾಡುತ್ತಾನೆ? ಬಾಡಿಗೆ ಏರಿಸುತ್ತಾನೆ. ಕೊಡುವವನು ಯಾರು? ಅದೇ ಗಿರಣಿಯಲ್ಲಿ ಎರಡನೇ ಪಾಳಿ ಮಾಡುವ ಇನ್ನೊಬ್ಬ ಕೂಲಿಕಾರ. ಒಬ್ಬ ದುಡಿಯುವವನು ಇನ್ನೊಬ್ಬ ದುಡಿಯುವವನ ಬಾಗಿಲಲ್ಲಿ ನಿಂತು ವಸೂಲಿ ಮಾಡುತ್ತಾನೆ, ವಸೂಲಾದದ್ದು ಮೂರನೆಯವನ ಖಾತೆಗೆ ಜಮಾ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ಎರಡನೇ ಸಾಲ. 30 ಲಕ್ಷದವರೆಗಿನ ಮನೆಸಾಲದಲ್ಲಿ ಬ್ಯಾಂಕು ಹೆಚ್ಚೆಂದರೆ ಬೆಲೆಯ ನೂರಕ್ಕೆ 90 ಕೊಡಬಹುದು. ಉಳಿದದ್ದು, ಜೊತೆಗೆ ಸ್ಟಾಂಪು ಮತ್ತು ನೋಂದಣಿಯ ಖರ್ಚು, ಕೈಯಿಂದಲೇ ಹಾಕಬೇಕು. ಕೈಯಲ್ಲಿ ಇಲ್ಲದವನು ಅದನ್ನು ಖಾಸಗಿ ಫೈನಾನ್ಸಿನಿಂದ, ವಾರದ ಬಡ್ಡಿಯವನಿಂದ ತರುತ್ತಾನೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತೆಂದರೆ ಆ ಸಾಲದ ಹಿಂಸೆ ಎಷ್ಟಿತ್ತೆಂದು ಊಹಿಸಿರಿ. ಕೈಯಲ್ಲಿ ಅಷ್ಟು ಇಲ್ಲದವನು ಆ ಮನೆ ಕೊಳ್ಳಬಾರದು. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಕಂತು ತಪ್ಪಿದರೆ? 90 ದಿನ ಬಾಕಿ ಉಳಿದರೆ ಸಾಲ ಕೆಟ್ಟಿತೆಂದು ಬ್ಯಾಂಕು ಬರೆದುಕೊಳ್ಳುತ್ತದೆ. 2002ರ ಸರ್ಫೇಸಿ ಕಾಯದೆಯಂತೆ 60 ದಿನದ ನೋಟೀಸು ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಗಹಾಣ ಹಾಕಿದ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಹೊರಡಬಹುದು. ಸಹಕಾರಿ ಬ್ಯಾಂಕಿಗೂ ಈ ಅಧಿಕಾರ ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ನಮ್ಮ ಬ್ಯಾಂಕು, ನಮ್ಮವರೇ ಡೈರೆಕ್ಟರು ಎಂಬ ಸಲುಗೆ ಅಲ್ಲಿ ನಡೆಯುವುದಿಲ್ಲ. ಬೇಸಾಯದ ಜಮೀನಿಗೆ ಆ ಕಾಯದೆಯಲ್ಲಿ ರಕ್ಷಣೆ ಇದೆ, ಹೊಲ ಮಾರಿ ಕಟ್ಟಿದ ಖೋಲಿಗೆ ಇಲ್ಲ. ಹೊಸರಿತ್ತಿಯ ಗೆಳೆಯರು ಇದನ್ನು ಮರೆಯಬಾರದು. ಹೊಲ ಮಾರಬೇಡಿರಿ.

ಇಷ್ಟಾದರೂ ಕಟ್ಟಲೇಬೇಕೆನ್ನುವವರಿಗೆ ನಮ್ಮ ಸಲಹೆ ಇದು. ತಾವಿರುವ ಮನೆಯ ಹಿಂದೆಯೋ ಮೇಲೆಯೋ ಒಂದೇ ಖೋಲಿಯಿಂದ ಶುರು ಮಾಡಿರಿ. ಖೋಲಿ ಆರು ತಿಂಗಳು ಖಾಲಿ ಬಿದ್ದರೂ ನಿಮ್ಮ ಪಗಾರದಿಂದ, ಅಂಗಡಿಯ ಗಳಿಕೆಯಿಂದ ಕಟ್ಟಬಹುದಾದಷ್ಟೇ ಕಂತು ಇರಲಿ. ಜಾಗ ಕೊಳ್ಳುವುದಾದರೆ ಬಿನಶೇತಕಿ ಆದೇಶ ಕಣ್ಣಾರೆ ನೋಡಿರಿ. ನಗರಸಭೆಯ ಖಾತೆಯ ಉತಾರ, ಹಳ್ಳಿಯಲ್ಲಾದರೆ ಪಂಚಾಯತಿಯ ಇ-ಸ್ವತ್ತು ಉತಾರ, ನೋಂದಣಿ ಕಚೇರಿಯ ಋಣಭಾರ ಪತ್ರ ಇವನ್ನು ನೀವೇ ತೆಗೆಸಿರಿ, ದಲಾಲ ತಂದ ಝೆರಾಕ್ಸು ನಂಬಬೇಡಿರಿ. ಸ್ಟಾಂಪ್ ಕಾಗದದ ಮೇಲೆ ಸಹಿ ಮಾಡಿಸಿಕೊಂಡ ಮಾತ್ರಕ್ಕೆ ಜಾಗ ನಿಮ್ಮದಾಗದು, ನೋಂದಣಿ ಆಗಬೇಕು. ಖೋಲಿಗೆ ಬೇರೆ ವಿದ್ಯುತ್ ಮೀಟರು ಹಾಕಿಸಿರಿ. ಓಣಿಯ ಜಗಳಗಳಲ್ಲಿ ಅರ್ಧ ಕರೆಂಟಿನ ಬಿಲ್ಲಿನಿಂದಲೇ ಹುಟ್ಟುತ್ತವೆ.

ಬಾಡಿಗೆ ಪಡೆದ ಪ್ರತಿ ತಿಂಗಳೂ ರಸೀತಿ ಕೊಡಿರಿ, ಬಾಡಿಗೆದಾರರಾದವರು ಕೇಳಿ ಪಡೆಯಿರಿ. ನಮ್ಮ ಸಣ್ಣ ಅಂಗಡಿಕಾರರಲ್ಲಿ ಬಹುಮಂದಿ ತಾವೇ ಬಾಡಿಗೆದಾರರು. 1999ರ ಕರ್ನಾಟಕ ಬಾಡಿಗೆ ಕಾಯದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ 14 ಚದರ ಮೀಟರು ಮೀರಿದ ಅಂಗಡಿಯನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಅಂಗಡಿ ಒಳಗೆ. ಒಂದು ಅಡಿ ಹೆಚ್ಚಾದರೆ ಹೊರಗೆ. ಕಾಯದೆ ಅನ್ವಯವಾಗುವ ಊರಿನ ಅಂಗಡಿಕಾರರು ಮಾಲೀಕ ಖಾಲಿ ಮಾಡೆಂದಾಗ ಮೊದಲು ಅಳತೆಯ ಟೇಪು ಹಿಡಿಯಬೇಕು.

ಕೂಲಿಕಾರನ ಮನೆಯ ಪ್ರಶ್ನೆಯನ್ನು ಇನ್ನೊಬ್ಬ ಕೂಲಿಕಾರನ ಸಾಲದ ಮೇಲೆ ಹೊರಿಸಬೇಕಾದ ಅಗತ್ಯವೇ ಇರಲಿಲ್ಲ. ವಿಯೆನ್ನಾದ ಸಮಾಜವಾದಿ ನಗರಸಭೆ 1923ರಲ್ಲಿ ಸಿರಿವಂತರ ಮೇಲೆ ಹೆಚ್ಚು ಬೀಳುವ ಮನೆ ತೆರಿಗೆ ಹಾಕಿ, ಆ ರೊಕ್ಕದಿಂದ ಬಾಡಿಗೆ ಮನೆಗಳನ್ನು ತಾನೇ ಕಟ್ಟಿತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡದಲ್ಲಿ 1,382 ಮನೆಗಳು. ಅಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ನಮ್ಮ ದೇಶದಲ್ಲಿಯೂ 1952ರಲ್ಲಿ ಕೈಗಾರಿಕಾ ಕೂಲಿಕಾರರ ಮನೆಗಳಿಗೆ ಸಹಾಯಧನದ ಯೋಜನೆ ಬಂತು; 2020ರಲ್ಲಿ ಕೇಂದ್ರ ಸರಕಾರ ವಲಸೆ ಕೂಲಿಕಾರರಿಗೆ ಕಡಿಮೆ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆ ಸಾರಿತು. ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳು, ಬ್ಯಾಡಗಿಯ ಪುರಸಭೆ ಆ ಯೋಜನೆಯಲ್ಲಿ ಎಷ್ಟು ಬಾಡಿಗೆ ಮನೆ ಕೇಳಿದವು, ಎಷ್ಟು ಕಟ್ಟಿದವು? ಮತ ಕೇಳಲು ಬರುವ ಸದಸ್ಯರನ್ನು ಓಣಿ ಓಣಿಯಲ್ಲಿ ಇದನ್ನೇ ಕೇಳಿರಿ, ಉತ್ತರವನ್ನು ಬರೆದು ನಮಗೆ ಕಳಿಸಿರಿ. ಅಚ್ಚು ಹಾಕುತ್ತೇವೆ.